ಟೀಚರಮ್ಮನ ಜಗಲಿ: ಓದೋದಾ, ಓದೋಕಾ?

ಇಂಗ್ಲಿಷಿನ ಬಗ್ಗೆ ಕೇಳಿ ಬರೆದ ಈ ಸಲದ ಪತ್ರಗಳು ಒಟ್ಟಿಗೆ ಮಾತಾಡಿಕೊಂಡು ಬಂದ ಹಾಗಿವೆ. ಒಂದೋ ಕೆಲಸದ ವಿಷಯ, ಇಲ್ಲಾ ಬಿಡುವಿನ ವಿಷಯ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಅದೇ ತಪ್ಪು ಮಾಡಿ ನಾನೂ ಒಂದು ಸಲ ಇಂಗು ತಿಂದ ಮಂಗನ ಹಾಗೆ ಕೂತಿದ್ದೆ, ಅದಕ್ಕೆ. ಉಳಿದವಕ್ಕೆ ಜಾಗ ಸಿಕ್ಕಷ್ಟು.

ಪ್ರಶ್ನೆ: ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದೇನೆ. ಇಂಟರ್‌ವ್ಯೂನಲ್ಲಿ ನನ್ನ ಬಗ್ಗೆ ಹೇಳಿಕೊಳ್ಳಲು ಹೀಗೆ ಬರೆದುಕೊಂಡಿದ್ದೆ: ‘ಐ ಎಂಜಾಯ್ ಟು ರೀಡ್ ನಾವೆಲ್ಸ್. ಐ ವಾಂಟ್ ವರ್ಕಿಂಗ್ ಇನ್ ಎ ಬ್ಯಾಂಕ್. ಐ ಫಿನಿಶ್ಡ್ ಟು ಲರ್ನ್ ಟ್ಯಾಲಿ.’ ಗೆಳೆಯ ನೋಡಿ ಮೂರೂ ತಪ್ಪು ಅಂದ. ಎಲ್ಲಿ ‘ಟು’ ಹಾಕಬೇಕು, ಎಲ್ಲಿ ‘ಇಂಗ್’ ಹಾಕಬೇಕು? ಇದಕ್ಕೊಂದು ರೂಲ್ ಇಲ್ಲವೇ?
— ಹುಬ್ಬಳ್ಳಿಯ ಓದುಗ

ಉತ್ತರ: ಗೆಳೆಯ ಸರಿಯಾಗೇ ಹೇಳಿದ್ದಾನೆ, ಅವನಿಗೊಂದು ಚಹಾ ಕೊಡಿಸಿ. ‘ಐ ಎಂಜಾಯ್ ರೀಡಿಂಗ್ ನಾವೆಲ್ಸ್’, ‘ಐ ವಾಂಟ್ ಟು ವರ್ಕ್ ಇನ್ ಎ ಬ್ಯಾಂಕ್’ ಅಂತ ಆಗಬೇಕು. ಮೂರನೆಯದು ‘ಐ ಹ್ಯಾವ್ ಫಿನಿಶ್ಡ್ ಲರ್ನಿಂಗ್ ಟ್ಯಾಲಿ’. ಅದಕ್ಕಿಂತ ‘ಐ ನೋ ಟ್ಯಾಲಿ’ ಅಂದರೆ ಇನ್ನೂ ಚೆನ್ನ. ಕಲಿತು ಮುಗಿಸಿದಿರೋ ಇಲ್ಲವೋ ಅವರಿಗೆ ಬೇಡ, ಬರುತ್ತದೋ ಇಲ್ಲವೋ ಅಷ್ಟೇ ಬೇಕು.

ಇನ್ನು ರೂಲ್. ಅರ್ಧ ರೂಲ್ ಆಗಲೇ ನಿಮ್ಮ ನಾಲಿಗೆಯ ಮೇಲಿದೆ. ನಾವು ‘ಓದೋದು’ ಅಂತೀವಿ, ‘ಓದೋಕೆ’ ಅಂತೀವಿ. ನಿಮ್ಮ ಕಡೆ ‘ಓದೂದು’, ‘ಓದಾಕ’. ಎರಡೂ ಒಂದೇ ಅಲ್ಲ, ಅಲ್ವಾ? ‘ಓದೋದು’ ಕೈಗೆ ಸಿಗುವ ಸಾಮಾನಿನ ಹಾಗೆ. ಅದನ್ನು ಬಿಡಬಹುದು, ಮುಗಿಸಬಹುದು, ತಪ್ಪಿಸಬಹುದು. ‘ಓದೋಕೆ’ ಅಂದರೆ ಅದು ಇನ್ನೂ ಮುಂದಿದೆ, ನಾವು ಅದರ ಕಡೆಗೆ ಹೊರಟಿದ್ದೇವೆ. ಇಂಗ್ಲಿಷಿನ ‘ಟು’ ಕೂಡ ಹುಟ್ಟಿನಿಂದ ‘ಕಡೆಗೆ’ ಅನ್ನುವ ಪದವೇ. ಊರಿನ ಹೆಸರಿನ ಮುಂದೆ ಬರುವ ‘ಟು’, ಕ್ರಿಯಾಪದದ ಮುಂದೆ ಬರುವ ‘ಟು’, ಎರಡೂ ಒಂದೇ ಮನೆಯವು. ಹಾಗಾಗಿ ವಾಂಟ್, ಹೋಪ್, ಪ್ಲಾನ್, ಡಿಸೈಡ್, ಪ್ರಾಮಿಸ್, ಅಗ್ರೀ, ರೆಫ್ಯೂಸ್ ಇವೆಲ್ಲ ಮುಂದಕ್ಕೆ ನೋಡುವವು, ‘ಟು’ ಕೇಳುತ್ತವೆ. ಎಂಜಾಯ್, ಫಿನಿಶ್, ಅವಾಯ್ಡ್, ಮಿಸ್, ಗಿವ್ ಅಪ್ ಇವುಗಳಿಗೆ ಕೈಯಲ್ಲಿ ಏನಾದರೂ ಇರಬೇಕು, ‘ಇಂಗ್’ ಕೇಳುತ್ತವೆ.

ಈಗ ನನ್ನ ಕಥೆ. 1986ರಲ್ಲಿ ಒಂದು ಶಾಲೆಯ ಕೆಲಸ ಬಿಟ್ಟು ಇನ್ನೊಂದು ಶಾಲೆಯ ಇಂಟರ್‌ವ್ಯೂಗೆ ಹೋಗಿದ್ದೆ. ಹಳೇ ಶಾಲೆ ಯಾಕೆ ಬಿಟ್ಟಿರಿ ಅಂತ ಕೇಳಿದರು. ನಾನು ಧೈರ್ಯವಾಗಿ ‘ಐ ಸ್ಟಾಪ್ಡ್ ಟು ಟೀಚ್ ದೇರ್ ಇನ್ ಮಾರ್ಚ್’ ಅಂದೆ. ಎದುರಿಗಿದ್ದ ಹಿರಿಯರೊಬ್ಬರು ಕನ್ನಡಕದ ಮೇಲಿಂದ ನೋಡಿ, ‘ಹಾಗಾದ್ರೆ ಮಾರ್ಚಲ್ಲಿ ದಾರಿ ಮಧ್ಯೆ ನಿಂತು ಅಲ್ಲಿ ಪಾಠ ಮಾಡಿದ್ರಾ?’ ಅಂತ ಕನ್ನಡದಲ್ಲೇ ಕೇಳಿದರು. ಮನೆಗೆ ಬರುವವರೆಗೂ ನನಗೆ ಅದು ಅರ್ಥವಾಗಲಿಲ್ಲ. ‘ಸ್ಟಾಪ್ಡ್ ಟೀಚಿಂಗ್’ ಅಂದರೆ ಪಾಠ ಮಾಡೋದನ್ನ ನಿಲ್ಲಿಸಿದೆ. ‘ಸ್ಟಾಪ್ಡ್ ಟು ಟೀಚ್’ ಅಂದರೆ ಪಾಠ ಮಾಡೋಕೆ ನಿಂತೆ. ಕನ್ನಡದಲ್ಲಿ ‘ನಿಲ್ಲಿಸಿದೆ’, ‘ನಿಂತೆ’ ಅಂತ ಪದವೇ ಬೇರೆ ಆಗುತ್ತದೆ. ಇಂಗ್ಲಿಷಿನಲ್ಲಿ ಪದ ಒಂದೇ, ಬಾಲ ಬೇರೆ. ಕೆಲಸವೇನೋ ಸಿಕ್ಕಿತು. ಇಂಗ್ಲಿಷ್ ಟೀಚರ್ ಕೆಲಸ ಅಂತ ಬೇರೆ ಹೇಳಬೇಕೇ!

‘ರಿಮೆಂಬರ್’ ಕೂಡ ಇದೇ ಜಾತಿ. ‘ಐ ರಿಮೆಂಬರ್ ಲಾಕಿಂಗ್ ದ ಡೋರ್’ ಅಂದರೆ ಬೀಗ ಹಾಕಿದ್ದು ನೆನಪಿದೆ. ‘ರಿಮೆಂಬರ್ ಟು ಲಾಕ್ ದ ಡೋರ್’ ಅಂದರೆ ಬೀಗ ಹಾಕೋಕೆ ಮರೀಬೇಡ. ಆದರೆ ನನಗೆ ತುಂಬ ಇಷ್ಟವಾದದ್ದು ‘ಟ್ರೈ’. ಕನ್ನಡದಲ್ಲಿ ‘ಮಾಡೋಕೆ ನೋಡು’ ಅಂತೀವಲ್ಲ, ಅದು ‘ಟ್ರೈ ಟು ಡೂ’. ಆಗುತ್ತೋ ಇಲ್ಲವೋ, ಪ್ರಯತ್ನ. ‘ಮಾಡಿ ನೋಡು’ ಅಂತೀವಲ್ಲ, ಅದು ‘ಟ್ರೈ ಡೂಯಿಂಗ್’. ಮಾಡೋದು ಕಷ್ಟವಲ್ಲ, ಮಾಡಿದರೆ ಏನಾಗುತ್ತೆ ನೋಡು ಅಂತ. ಕಂಪ್ಯೂಟರ್ ನಿಂತುಹೋದರೆ ‘ಟ್ರೈ ರೀಸ್ಟಾರ್ಟಿಂಗ್ ಇಟ್’ ಅನ್ನುತ್ತಾರೆ, ಆಫ್ ಮಾಡಿ ಆನ್ ಮಾಡಿ ನೋಡಿ. ಎಷ್ಟೋ ವ್ಯಾಕರಣ ಪುಸ್ತಕಗಳು ಅರ್ಧ ಪುಟ ತಿನ್ನುವ ವಿಷಯ ನಮ್ಮಲ್ಲಿ ಎರಡು ಪದದಲ್ಲಿ ಮುಗಿಯುತ್ತದೆ.

ಅರ್ಧ ರೂಲ್ ಅಂದೆ, ಉಳಿದರ್ಧ ಸೋರುತ್ತದೆ. ‘ಓದೋಕೆ ಖುಷಿ’ ಅಂತಲೂ ನಾವು ಹೇಳುತ್ತೇವೆ, ನಿಮ್ಮ ‘ಎಂಜಾಯ್ ಟು ರೀಡ್’ ಹುಟ್ಟಿದ್ದು ಅಲ್ಲೇ. ‘ಸಜೆಸ್ಟ್’ ಮುಂದಿನ ವಿಷಯವೇ, ಆದರೂ ‘ಐ ಸಜೆಸ್ಟೆಡ್ ಗೋಯಿಂಗ್ ಬೈ ಟ್ರೇನ್’. ‘ಮ್ಯಾನೇಜ್’ ಆಗಿ ಮುಗಿದ ವಿಷಯ, ಆದರೂ ‘ಐ ಮ್ಯಾನೇಜ್ಡ್ ಟು ಕ್ಯಾಚ್ ದ ಟ್ರೇನ್’. ಇವಕ್ಕೆ ಕಾರಣ ಕೇಳುತ್ತ ಕೂರಬೇಡಿ. ಬೀಗರ ಮನೆಯ ಪದ್ಧತಿಯ ಹಾಗೆ, ಒಪ್ಪಿಕೊಂಡರೆ ಆಯಿತು. ‘ಲೈಕ್’, ‘ಲವ್’, ‘ಸ್ಟಾರ್ಟ್’ ಮಾತ್ರ ಒಳ್ಳೆಯ ಸ್ವಭಾವದವು, ಎರಡೂ ಹಾಕಿದರೂ ತಕರಾರಿಲ್ಲ.

ಈ ತಲೆನೋವು ನಮಗೊಬ್ಬರಿಗೇ ಅಲ್ಲ. ಎ. ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಪದದ ಅರ್ಥ ಗೊತ್ತಿದ್ದರೂ ಅದರ ಮುಂದೆ ಏನು ಬರಬೇಕು ಅಂತ ಪರಭಾಷೆಯವರಿಗೆ ಗೊತ್ತಾಗೋದಿಲ್ಲ, ಅದನ್ನೂ ಡಿಕ್ಷನರಿಯೇ ಹೇಳಬೇಕು ಅಂತ ಅವರು ಮತ್ತು ಜೊತೆಗಾರರು ಹೊರಟರು. ಆ ಡಿಕ್ಷನರಿ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಯುದ್ಧ ಮುಗಿದ ಮೇಲೆ 1948ರಲ್ಲಿ ಆಕ್ಸ್‌ಫರ್ಡ್‌ನವರು ಮತ್ತೆ ತಂದರು. ಅದರ 1974ರ ಆವೃತ್ತಿ ನನ್ನ ಹತ್ತಿರ ಇದೆ, ಬೆಂಗಳೂರಿನ ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ತಂದದ್ದು, ರಟ್ಟು ಕಿತ್ತಿದೆ. ಕ್ರಿಯಾಪದಗಳ ಪಕ್ಕ ‘ವಿಪಿ’ (ವರ್ಬ್ ಪ್ಯಾಟರ್ನ್) ಅಂತ ಎರಡಕ್ಷರ, ಮುಂದೊಂದು ಅಂಕಿ. ಒಟ್ಟು 25 ಮಾದರಿ. ಮೊದಲು ನಾನು ಅದನ್ನು ಪ್ರೆಸ್ಸಿನವರ ಗುರುತು ಅಂದುಕೊಂಡಿದ್ದೆ! ಈಗಿನ ಡಿಕ್ಷನರಿಗಳಲ್ಲಿ ಅಂಕಿ ಹೋಗಿ, ಮಾದರಿಯನ್ನು ಬಿಡಿಸಿಯೇ ಬರೆದಿರುತ್ತಾರೆ. ಪದ ಹುಡುಕಿದಾಗ ಅರ್ಥ ಸಿಕ್ಕ ಕೂಡಲೇ ಮುಚ್ಚಬೇಡಿ, ಇನ್ನೆರಡು ಸಾಲು ಕೆಳಗೆ ಓದಿ.

ಪಟ್ಟಿ ಬಾಯಿಪಾಠ ಮಾಡಬೇಡಿ. 31 ವರ್ಷ ಮಕ್ಕಳ ಕೈಲಿ ಮಾಡಿಸಿ ನೋಡಿದ್ದೇನೆ, ಪರೀಕ್ಷೆ ಮುಗಿದ ಸಂಜೆಗೆ ಹಾರಿಹೋಗುತ್ತದೆ. ‘ಅವಾಯ್ಡ್’ ಅಂತ ಬರೀ ಪದ ಕಲಿಯುವ ಬದಲು ‘ಐ ಅವಾಯ್ಡ್ ಟ್ರಾವೆಲಿಂಗ್ ಆಫ್ಟರ್ ನೈನ್’ ಅಂತ ನಿಮ್ಮ ದಿನದ್ದೇ ಒಂದು ವಾಕ್ಯ ಕಟ್ಟಿ. ದಿನಕ್ಕೆ ಎರಡು ಸಾಕು.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೇನೆ. ಮ್ಯಾನೇಜರ್‌ಗೆ ‘ದೇ ಮೇಡ್ ಅಸ್ ಟು ವರ್ಕ್ ಆನ್ ಸಂಡೇ’ ಅಂತ ಮೆಸೇಜ್ ಮಾಡಿದೆ. ‘ಟು’ ಬೇಡ ಅಂದರು. ಕೆಲಸ ಮಾಡಿಸಿದ್ದು ತಪ್ಪಲ್ಲವಂತೆ, ‘ಟು’ ತಪ್ಪಂತೆ!
— ರಾಮನಗರದ ಓದುಗಿ

ಉತ್ತರ: ವ್ಯಾಕರಣದ ಮಟ್ಟಿಗೆ ಅವರು ಸರಿ. ‘ಮೇಕ್’ ಮತ್ತು ‘ಲೆಟ್’ ಮುಂದೆ ಆಳು ಬಂದರೆ ‘ಟು’ ಬರೋದಿಲ್ಲ. ‘ದೇ ಮೇಡ್ ಅಸ್ ವರ್ಕ್’, ‘ಹಿ ಲೆಟ್ ಅಸ್ ಗೋ ಅರ್ಲಿ’. ನಾವು ‘ದುಡಿ’ಗೆ ‘ಇಸು’ ಸೇರಿಸಿ ‘ದುಡಿಸಿದರು’ ಅಂತೀವಲ್ಲ, ಆ ‘ಇಸು’ ಮಾಡುವ ಕೆಲಸ ‘ಮೇಡ್’ ಒಂದೇ ಮಾಡಿಬಿಡುತ್ತದೆ. ಆದರೆ ಯಾರು ದುಡಿಸಿದರು ಅಂತ ಹೇಳೋದು ಬೇಡ ಅನ್ನಿಸಿದರೆ ‘ವಿ ವರ್ ಮೇಡ್ ಟು ವರ್ಕ್ ಆನ್ ಸಂಡೇ’. ಆಗ ‘ಟು’ ವಾಪಸ್ ಬರುತ್ತದೆ. ನಿಮ್ಮ ಮೆಸೇಜಿಗೆ ಇದೇ ವಾಸಿ: ‘ಟು’ ಕೂಡ ಉಳಿಯಿತು, ಯಾರ ಹೆಸರೂ ಬರಲಿಲ್ಲ. ಭಾನುವಾರದ ಓಟಿ ದುಡ್ಡು ಕೇಳೋದನ್ನ ಮಾತ್ರ ಮರೀಬೇಡಿ.

ಪ್ರಶ್ನೆ: ‘ಐ ಗಾಟ್ ಎ ಗುಡ್ ವರ್ಕ್ ಇನ್ ಮುಂಬೈ’ ಅಂತ ಸ್ಟೇಟಸ್ ಹಾಕಿದ್ದಕ್ಕೆ ತಂಗಿ ನಕ್ಕಳು. ಯಾಕೆ?
— ಕುಂದಾಪುರದ ಓದುಗ

ಉತ್ತರ: ಕನ್ನಡದ ‘ಕೆಲಸ’ ದೊಡ್ಡ ಕೊಡೆ. ಮನೆ ಗುಡಿಸೋದೂ ಕೆಲಸ, ಮುಂಬೈ ಹೋಟೆಲಿನ ನೌಕರಿಯೂ ಕೆಲಸ. ಇಂಗ್ಲಿಷಿನಲ್ಲಿ ಸಂಬಳದ ನೌಕರಿ ‘ಜಾಬ್’. ಅದನ್ನು ಎಣಿಸಬಹುದು: ಎ ಜಾಬ್, ಟೂ ಜಾಬ್ಸ್. ‘ವರ್ಕ್’ ನೀರಿನ ಹಾಗೆ, ಎಣಿಸೋಕೆ ಬರೋದಿಲ್ಲ, ಹಾಗಾಗಿ ‘ಎ ವರ್ಕ್’ ಇಲ್ಲ. ಎಣಿಸಿದರೆ ಅರ್ಥವೇ ಬದಲಾಗುತ್ತದೆ: ‘ಎ ವರ್ಕ್ ಆಫ್ ಆರ್ಟ್’ ಅಂದರೆ ಕಲಾಕೃತಿ. ನೀವು ‘ಐ ಗಾಟ್ ಎ ಗುಡ್ ಜಾಬ್’ ಅನ್ನಿ. ಜಾಬ್ ಮೇಲೆ ಜಾಬ್ ಸೇರಿ 20 ವರ್ಷ ಆದ ಮೇಲೆ ಹಿಂತಿರುಗಿ ನೋಡಿದರೆ ಕಾಣೋದು ‘ಕರಿಯರ್’. ಇನ್ನೊಂದು: ‘ವಾಟ್ ಡು ಯು ಡೂ?’ ಅಂತ ಯಾರಾದರೂ ಕೇಳಿದರೆ ಈಗ ಏನು ಮಾಡ್ತಿದೀರಿ ಅಂತಲ್ಲ, ಯಾವ ಕೆಲಸದಲ್ಲಿದೀರಿ ಅಂತ. ‘ಚಹಾ ಕುಡೀತಿದೀನಿ’ ಅಂದವರನ್ನು ನಾನು ಬಲ್ಲೆ.

ಪ್ರಶ್ನೆ: ದುಬೈನಲ್ಲಿದ್ದೇನೆ. ‘ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್’ ಅಂದೆ, ರಾತ್ರಿ ಪಾಳಿ ಅಭ್ಯಾಸ ಆಗಿದೆ ಅನ್ನುವ ಅರ್ಥದಲ್ಲಿ. ಸೂಪರ್‌ವೈಸರ್ ನನ್ನನ್ನು ಹಗಲಿಗೆ ಹಾಕಿದರು.
— ಉಡುಪಿ ಮೂಲದ ಓದುಗ

ಉತ್ತರ: ಅವರು ಕೇಳಿಸಿಕೊಂಡದ್ದು ‘ಮೊದಲು ಮಾಡ್ತಿದ್ದೆ, ಈಗಿಲ್ಲ’ ಅಂತ. ನೀವು ಹೇಳಬೇಕಿದ್ದದ್ದು ‘ಐ ಆಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’. ‘ಆಮ್’ ಸೇರಿತು, ಕೊನೆಗೆ ‘ಇಂಗ್’ ಸೇರಿತು, ಅರ್ಥ ಪೂರ್ತಿ ತಿರುಗಿತು. ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಅನ್ನೋದೂ ಹೀಗೇ. ಇಲ್ಲಿನ ‘ಟು’ ನಿಜವಾದ ಬಸ್ ಬೋರ್ಡಿನ ‘ಟು’, ಅದರ ಮುಂದೆ ಊರಿನಂಥ ಒಂದು ನಾಮಪದ ಬೇಕು. ಹಗಲು ಪಾಳಿಯೇ ಆರಾಮ ಅನ್ನಿಸಿದರೆ ಏನೂ ತಿದ್ದಬೇಡಿ, ಸುಮ್ನಿದ್ದುಬಿಡಿ.

ಪ್ರಶ್ನೆ: ನಿವೃತ್ತ ನೌಕರ. ಮೊಮ್ಮಗಳ ಜೊತೆ ಇಂಗ್ಲಿಷ್ ಕಲಿಯುತ್ತಿದ್ದೇನೆ. ಬಿಡುವಿಗೆ ‘ಲೀಷರ್’ ಅನ್ನಬೇಕೋ ‘ಲೆಷರ್’ ಅನ್ನಬೇಕೋ? ‘ಡೈಲಿ ಐ ಗೋ ಫಾರ್ ವಾಕಿಂಗ್, ಐ ಪ್ಲೇ ಯೋಗ’ ಸರಿಯೇ?
— ಶಿವಮೊಗ್ಗದ ಓದುಗರು

ಉತ್ತರ: ಇಂಗ್ಲೆಂಡಿನವರು ‘ಪ್ಲೆಷರ್’ ಜೊತೆ ಪ್ರಾಸ ಮಾಡಿ ‘ಲೆಷರ್’ ಅನ್ನುತ್ತಾರೆ, ಅಮೆರಿಕದಲ್ಲಿ ‘ಲೀಷರ್’ ಜಾಸ್ತಿ. ಆ ‘ಷ’ ನಮ್ಮ ‘ಷ’ ಅಲ್ಲ, ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ. ಇದೂ ‘ಲೈಸೆನ್ಸ್’ ಕೂಡ ‘ಅನುಮತಿ ಇದೆ’ ಅನ್ನುವ ಒಂದೇ ಲ್ಯಾಟಿನ್ ಬೇರಿನಿಂದ ಬಂದವು. ಅಂದರೆ ಅವರಿಗೆ ಬಿಡುವು ಯಾರೋ ಕೊಡಬೇಕಾದದ್ದು. ನಮ್ಮ ‘ಬಿಡುವು’ ‘ಬಿಡು’ವಿನಿಂದ ಬಂದದ್ದು, ನಾವೇ ಬಿಟ್ಟರೆ ಆಯಿತು! ಮಾತಿನಲ್ಲಿ ‘ಫ್ರೀ ಟೈಮ್’ ಸಾಕು. ‘ಟೈಮ್ ಪಾಸ್’ ನಮ್ಮ ದೇಶದ ಒಳಗೆ ಚೆನ್ನಾಗಿ ಓಡುತ್ತದೆ, ಕಡಲೆಕಾಯಿ ಮಾರುವವರಿಗೂ ಗೊತ್ತು, ಹೊರಗಿನವರಿಗೆ ವಿವರಿಸಬೇಕಾದೀತು.

ಯೋಗ ‘ಪ್ಲೇ’ ಅಲ್ಲ, ‘ಡೂ’. ಎದುರಾಳಿ ಇರುವ ಆಟ, ಚೆಂಡಾಟ ‘ಪ್ಲೇ’: ಕ್ರಿಕೆಟ್, ಕೇರಂ, ಕಬಡ್ಡಿ. ಹೊರಟು ಹೋಗಿ ಮಾಡುವಂಥವು ‘ಗೋ’ ಮತ್ತು ‘ಇಂಗ್’: ಗೋ ಸ್ವಿಮ್ಮಿಂಗ್, ಗೋ ಶಾಪಿಂಗ್. ‘ಫಾರ್’ ಬೇಕೇ ಬೇಕು ಅಂದರೆ ‘ಗೋ ಫಾರ್ ಎ ವಾಕ್’. ‘ಡೈಲಿ’ಯನ್ನು ಮುಂದಿಡಬೇಡಿ, ‘ಎವ್ರಿ ಡೇ’ ಅಂತ ಕೊನೆಗೆ ಕಳಿಸಿ. ಮೊಮ್ಮಗಳು ತಪ್ಪು ತಿದ್ದುತ್ತಾಳೆ ಅಂತಲೂ ಬರೆದಿದ್ದೀರಿ. ತಿದ್ದಲಿ ಬಿಡಿ, ಫೀಸಿಲ್ಲದ ಟ್ಯೂಷನ್.

ಪ್ರಶ್ನೆ: ಮಗಳ ಕಾಲೇಜು ಅರ್ಜಿಯಲ್ಲಿ ‘ಮದರ್ಸ್ ಆಕ್ಯುಪೇಷನ್’ ಅಂತಿದೆ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಕೆಲಸಕ್ಕೆ ಹೋಗುವುದಿಲ್ಲ. ಯಾರಾದರೂ ಕೇಳಿದರೆ ‘ಐ ಡೋಂಟ್ ವರ್ಕ್’ ಅನ್ನುತ್ತೇನೆ. ಅರ್ಜಿಯಲ್ಲಿ ‘ಹೌಸ್‌ವೈಫ್’ ಬರೆಯಲೇ, ‘ಹೋಮ್‌ಮೇಕರ್’ ಬರೆಯಲೇ?
— ಅರಸೀಕೆರೆಯ ಓದುಗಿ

ಉತ್ತರ: ‘ಐ ಡೋಂಟ್ ವರ್ಕ್’ ಅನ್ನೋದನ್ನ ಇವತ್ತೇ ಬಿಡಿ. ಅಂದರೆ ‘ಸ್ಟಾಪ್ ಸೇಯಿಂಗ್ ಇಟ್’. ನೋಡಿ, ಮತ್ತೆ ‘ಇಂಗ್’ ಬಂತು. ಕೆಲಸಕ್ಕೆ ಹೋಗೋದಿಲ್ಲ ಅನ್ನೋದು ‘ಐ ಡೋಂಟ್ ಗೋ ಔಟ್ ಟು ವರ್ಕ್’. ನೀವು ಹೇಳಬೇಕಾದದ್ದು ‘ಐ ವರ್ಕ್ ಫ್ರಮ್ ಹೋಮ್’. ಲ್ಯಾಪ್‌ಟಾಪ್ ಹಿಡಿದವರು ಈ ಮಾತು ಹೇಳೋಕೆ ಶುರು ಮಾಡುವ ಎಷ್ಟೋ ಮೊದಲಿಂದ ನಮ್ಮ ಬೀದಿಗಳ ಹೆಂಗಸರು ಮಿಷನ್ ತುಳಿಯುತ್ತ ಅದನ್ನೇ ಮಾಡುತ್ತಿದ್ದಾರೆ. ‘ಹೌಸ್‌ವೈಫ್’ ಹಳೆಯದು, ‘ಹೋಮ್‌ಮೇಕರ್’ ಈಗಿನದು, ಎರಡರಲ್ಲೂ ನಿಮ್ಮ ಮಿಷನ್ ಕಾಣೋದಿಲ್ಲ. ಹಬ್ಬದ ವಾರ ರಾತ್ರಿ ಹನ್ನೆರಡರವರೆಗೆ ಹೊಲಿಯುತ್ತೇನೆ ಅಂತ ಪತ್ರದ ಅಂಚಿನಲ್ಲಿ ನೀವೇ ಬರೆದಿದ್ದೀರಿ. ಅರ್ಜಿಯಲ್ಲಿ ‘ಟೈಲರ್’ ಅಂತ ಬರೆಯಿರಿ. ಇಂಗ್ಲಿಷಿನಲ್ಲಿ ಆರೇ ಅಕ್ಷರ, ಆ ಚಿಕ್ಕ ಚೌಕದಲ್ಲೂ ಹಿಡಿಯುತ್ತದೆ.