ಲೇಖಕ ಬರೆದ ಪಾತ್ರವೇ ಜೀವ ತಳೆದು ಬರುವ ಪ್ರೇಮಕಥೆಯ ಸಿನಿಮಾ ಯಾವುದು? ಅದರಲ್ಲಿ ಅಂಥದ್ದೇನಿದೆ?

ನೀವು ಹುಡುಕುತ್ತಿರುವುದು 2012ರ ಇಂಗ್ಲಿಷ್ ಸಿನಿಮಾ ‘ರೂಬಿ ಸ್ಪಾರ್ಕ್ಸ್’ ಇರಬೇಕು. ಕ್ಯಾಲ್ವಿನ್ ಚಿಕ್ಕ ವಯಸ್ಸಿಗೇ ಹೆಸರು ಮಾಡಿದ ಲೇಖಕ. ಈಗ ಒಂದಕ್ಷರವೂ ಹುಟ್ಟುತ್ತಿಲ್ಲ. ಕನಸಲ್ಲಿ ಕಂಡ ಹುಡುಗಿಯ ಬಗ್ಗೆ ಟೈಪ್‌ರೈಟರ್‌ನಲ್ಲಿ ಬರೆಯತೊಡಗುತ್ತಾನೆ. ಒಂದು ದಿನ ನೋಡಿದರೆ ಆ ರೂಬಿ ಅವನ ಮನೆಯಲ್ಲೇ ಇದ್ದಾಳೆ!

ಮೊದಲರ್ಧ ನಕ್ಕು ನಗಿಸುತ್ತದೆ. ಅವಳು ಫ್ರೆಂಚ್ ಮಾತಾಡುತ್ತಾಳೆ ಎಂದು ಟೈಪ್ ಮಾಡಿದರೆ ಸಾಕು, ಪಟಪಟ ಫ್ರೆಂಚ್ ಶುರು. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಆಮೇಲಿನದು. ರೂಬಿಗೆ ತನ್ನದೇ ಗೆಳೆಯರು, ತನ್ನದೇ ಓಡಾಟ ಬೇಕೆನಿಸುತ್ತದೆ. ಕ್ಯಾಲ್ವಿನ್‌ಗೆ ಭಯ. ‘ನಾನಿಲ್ಲದೆ ಅವಳಿಗೆ ನೆಮ್ಮದಿಯಿಲ್ಲ’ ಅನ್ನುವ ಅರ್ಥದ ಸಾಲು ಬರೆಯುತ್ತಾನೆ. ಅವಳು ಒಂದು ಕ್ಷಣವೂ ಬಿಡದೆ ಅಂಟಿಕೊಳ್ಳುತ್ತಾಳೆ. ಅದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪ್ರೀತಿಸುವವರನ್ನು ನಮಗೆ ಬೇಕಾದಂತೆ ತಿದ್ದಲು ಹೋಗುವುದು ಇದೇ ಅಲ್ವಾ?

ಶಿಲ್ಪಿ ತಾನು ಕೆತ್ತಿದ ಪ್ರತಿಮೆಯನ್ನೇ ಪ್ರೀತಿಸುವ ಗ್ರೀಕರ ಪಿಗ್ಮೇಲಿಯನ್ ಕಥೆಯ ನೆರಳು ಇಲ್ಲಿದೆ. ಆದರೆ ಇಲ್ಲಿನ ‘ಪ್ರತಿಮೆ’ ಎದುರು ಮಾತಾಡುತ್ತದೆ. ಚಿತ್ರಕಥೆ ಬರೆದವರು ರೂಬಿಯಾಗಿ ನಟಿಸಿರುವ ಜೋ ಕಜಾನ್ ಅವರೇ. ಕ್ಯಾಲ್ವಿನ್ ಆಗಿರುವ ಪಾಲ್ ಡೇನೋ ನಿಜ ಬದುಕಿನಲ್ಲೂ ಅವರ ಸಂಗಾತಿ. ಕೊನೆ ಹೇಳುವುದಿಲ್ಲ, ಟೈಪ್‌ರೈಟರ್ ಮುಂದಿನ ಆ ದೊಡ್ಡ ಜಗಳದ ದೃಶ್ಯವನ್ನು ಮಾತ್ರ ತಪ್ಪಿಸಬೇಡಿ.