ಗೋಡೆಯಾಚೆ ಯಾರೋ ಮಾತಾಡ್ತಾರಂತೆ

ಪ್ರಶ್ನೆ: ತಮ್ಮನಿಗೆ 24 ವರ್ಷ. ಎರಡು ತಿಂಗಳಿಂದ ರಾತ್ರಿ ನಿದ್ದೆ ಇಲ್ಲ. ಪಕ್ಕದ ಫ್ಲಾಟಿನವರು ತನ್ನ ಬಗ್ಗೆಯೇ ಮಾತಾಡ್ತಾರೆ ಅಂತ ಕಿಟಕಿಗೆಲ್ಲ ಪೇಪರ್ ಅಂಟಿಸಿದ್ದಾನೆ. ಅಮ್ಮ ಊರಿನ ದೇವಸ್ಥಾನಕ್ಕೆ ಕರೆದೊಯ್ಯೋಣ ಅಂತಾರೆ. ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತಾ? – ಒಬ್ಬ ಅಕ್ಕ, ಡೊಂಬಿವಲಿ

ಉತ್ತರ: ದೇವಸ್ಥಾನಕ್ಕೆ ಹೋಗಿ ಬನ್ನಿ, ಬೇಡ ಅನ್ನಲ್ಲ. ಆದರೆ ಮೊದಲು ಮನೋವೈದ್ಯರ ಹತ್ತಿರ ಹೋಗಿ, ಈ ವಾರವೇ. ಇದು ಸೈಕೋಸಿಸ್ (ಇಲ್ಲದ ದನಿ ಕೇಳಿಸೋದು, ಇಲ್ಲದ್ದನ್ನು ನಿಜ ಅಂತ ಗಟ್ಟಿಯಾಗಿ ನಂಬೋದು ಇಂಥ ಮನಸ್ಸಿನ ಕಾಯಿಲೆ) ಇರಬಹುದು, ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ಇದನ್ನು ಹಿಡಿದುಕೊಡುವ ಸ್ಕ್ಯಾನ್ ಇಲ್ಲ. ಡಾಕ್ಟರು ಅವನ ಹತ್ತಿರ, ನಿಮ್ಮ ಹತ್ತಿರ ವಿವರವಾಗಿ ಮಾತಾಡಿಯೇ ತಿಳಿಯೋದು. ರಕ್ತಪರೀಕ್ಷೆ ಬರೆದರೆ ಅದು ಥೈರಾಯ್ಡ್‌ನಂಥ ಬೇರೆ ಕಾರಣ ಇದೆಯಾ ಅಂತ ನೋಡೋಕೆ. ಗಾಂಜಾ ಸೇದುತ್ತಾನಾ ಅಂತಲೂ ಕೇಳ್ತಾರೆ, ಮುಚ್ಚಿಡಬೇಡಿ. ಮುಂಬೈಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ಓಪಿಡಿ ಇದೆ.

ಮಾತ್ರೆ ಪೂರ್ತಿ ಕೆಲಸ ಮಾಡೋಕೆ ಕೆಲವು ವಾರ ಬೇಕು. ತೂಕ ಜಾಸ್ತಿಯಾದರೆ, ಕೈ ನಡುಗಿದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. "ಅಲ್ಲಿ ಯಾರೂ ಇಲ್ವಲ್ಲೋ" ಅಂತ ವಾದ ಮಾಡಬೇಡಿ, ಅವನಿಗೆ ಆ ದನಿ ನಿಜವಾಗಿಯೇ ಕೇಳಿಸುತ್ತಿರಬಹುದು. "ಭಯ ಆಗ್ತಿದೆಯಾ, ನಾನಿದೀನಿ" ಅನ್ನಿ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.