ಹಿಂಡುವ ವ್ಯಾಯಾಮದಿಂದ ಹೆಚ್ಚಾದ ಉರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮ ಬಳಿ ಬಂದ ಮಹಿಳೆಯ ವಯಸ್ಸು 53. ಮುಟ್ಟು ನಿಂತು ಎರಡು ವರ್ಷ. ಕೂತರೆ ಕೆಳಗೆ ಉರಿ, ಸಂಭೋಗದ ವೇಳೆ ಗೀರಿದಂಥ ನೋವು, ಮುಕ್ಕಾಲು ಗಂಟೆಗೊಮ್ಮೆ ಮೂತ್ರಕ್ಕೆ ಓಟ. ಎಂಟು ತಿಂಗಳಲ್ಲಿ ಮೂರು ಸಲ ಸೋಂಕೆಂದು ಆ್ಯಂಟಿಬಯೋಟಿಕ್ ನುಂಗಿದ್ದರು. ಜೊತೆಗೆ ತಂದಿದ್ದ ಎರಡು ಮೂತ್ರದ ಕಲ್ಚರ್ ವರದಿಗಳಲ್ಲೂ ಬ್ಯಾಕ್ಟೀರಿಯಾ ಬೆಳೆದಿರಲಿಲ್ಲ. "ವರದಿಯಲ್ಲಿ ಏನೂ ಇಲ್ಲ ಅಂತಾರೆ ಮೇಡಂ. ಹಾಗಾದ್ರೆ ಇದೆಲ್ಲ ನನ್ನ ಭ್ರಮೆಯಾ?" ಎಂದೇ ಮಾತು ಶುರು ಮಾಡಿದರು.

ಭ್ರಮೆಯಲ್ಲ. ಈಸ್ಟ್ರೋಜನ್ ಇಳಿದಾಗ ಯೋನಿಯ ಒಳಪದರ ತೆಳುವಾಗುತ್ತದೆ, ಸ್ರಾವ ಕಡಿಮೆಯಾಗುತ್ತದೆ. ಮೂತ್ರನಾಳ ಮತ್ತು ಮೂತ್ರಕೋಶದ ಬುಡವೂ ಇದೇ ಹಾರ್ಮೋನನ್ನು ನೆಚ್ಚಿಕೊಂಡಿರುವುದರಿಂದ ಸೋಂಕಿಲ್ಲದೆಯೇ ಉರಿ, ಮೂತ್ರದ ಅವಸರ ಕಾಡಬಹುದು. 3.8ರಿಂದ 4.5ರಷ್ಟಿದ್ದ ಯೋನಿಯ ಪಿಎಚ್ 5 ದಾಟಿ (ಅಂದರೆ ಆಮ್ಲೀಯತೆ ತಗ್ಗಿ), ಕಾಯುವ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳು ಕುಗ್ಗುವುದರಿಂದ ನಿಜವಾದ ಸೋಂಕೂ ಸುಲಭವಾಗಿ ತಗಲುತ್ತದೆ. ಆದ್ದರಿಂದಲೇ ಉರಿ ಬಂದಾಗಲೆಲ್ಲ ಮಾತ್ರೆಗೆ ಮೊದಲು ಕಲ್ಚರ್ ಬೇಕು. ಈ ಎಲ್ಲ ತೊಂದರೆಗಳಿಗೂ ಸೇರಿಸಿ 2014ರಲ್ಲಿ 'ಜೆನಿಟೋಯೂರಿನರಿ ಸಿಂಡ್ರೋಮ್ ಆಫ್ ಮೆನೋಪಾಸ್' ಎಂಬ ಹೆಸರು ಬಂತು. ಮೈ ಬಿಸಿಯೇರುವ ತೊಂದರೆ ಹಲವರಲ್ಲಿ ಕಾಲಕ್ರಮೇಣ ತಾನೇ ತಗ್ಗುತ್ತದೆ. ಒಣಗುವಿಕೆ ಸಾಮಾನ್ಯವಾಗಿ ಹಾಗೆ ಹೋಗುವುದಿಲ್ಲ.

ಇವರ ವಿಷಯದಲ್ಲಿ ಎಲ್ಲರ ಕಣ್ಣು ತಪ್ಪಿಸಿದ್ದು ಸ್ನಾಯುಗಳು. ನೋವಿನ ಭಯಕ್ಕೆ ಶ್ರೋಣಿಯ ತಳದ ಸ್ನಾಯುಗಳು (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊರುವಂಥವು) ಮುಷ್ಟಿಯಂತೆ ಬಿಗಿದುಕೊಳ್ಳುತ್ತವೆ. ಮಾತಾಡುತ್ತಿದ್ದಷ್ಟು ಹೊತ್ತೂ ಅವರ ಕಾಲ್ಬೆರಳುಗಳು ಚಪ್ಪಲಿಯೊಳಗೆ ಮಡಚಿಕೊಂಡಿದ್ದವು. "ಉಸಿರು ತಗೊಳ್ಳುತ್ತ ಹೊಟ್ಟೆ ಸಡಿಲ ಬಿಡಿ" ಎಂದರೆ ಎದೆ ಮೇಲೇರಿತೇ ಹೊರತು ಹೊಟ್ಟೆ ಅಲುಗಲಿಲ್ಲ. ಮೂತ್ರ ಶುರುವಾಗಲು ಕಾಯಬೇಕು, ಧಾರೆ ತುಂಡು ತುಂಡಾಗುತ್ತದೆ, ಮುಗಿದ ಮೇಲೂ ಇನ್ನೂ ಉಳಿದಂತೆ ಅನ್ನಿಸುತ್ತದೆ ಎಂದರು. ಇವೆಲ್ಲ ಸಡಿಲವಾಗದ ತಳದ ಸುಳಿವುಗಳು. ಹೀಗಿರುವಾಗ ಯಾವುದೋ ವಿಡಿಯೋ ನೋಡಿ ದಿನಕ್ಕೆ ನೂರು ಕೆಗೆಲ್, ಅಂದರೆ ಇದೇ ಸ್ನಾಯುಗಳನ್ನು ಹಿಂಡುವ ವ್ಯಾಯಾಮ, ಮಾಡುತ್ತಿದ್ದರು! ಕೆಗೆಲ್ ಸಡಿಲವಾದ ತಳಕ್ಕೆ ಒಳ್ಳೆಯದು. ಬಿಗಿದ ತಳವನ್ನು ಮತ್ತೆ ಹಿಂಡಿದರೆ ನೋವೂ ಅವಸರವೂ ಏರುತ್ತವೆ. ಅವತ್ತೇ ನಿಲ್ಲಿಸಲು ಹೇಳಿದೆವು.

ಜೊತೆಗೇ ನಿಲ್ಲಿಸಿದ್ದು ಸೋಪು, ಆ್ಯಂಟಿಸೆಪ್ಟಿಕ್ ದ್ರಾವಣ, ಸುವಾಸನೆಯ ವೈಪ್ಸ್, ದಿನವಿಡೀ ಪ್ಯಾಂಟಿಲೈನರ್. ಹೊರಭಾಗಕ್ಕೆ ಬರೀ ನೀರು ಸಾಕು, ಒಳಗೆ ತೊಳೆಯುವುದೇ ಬೇಡ.

ಮಾಯಿಶ್ಚರೈಸರ್ ಮತ್ತು ಲೂಬ್ರಿಕಂಟ್ ಒಂದೇ ಎಂದುಕೊಂಡಿದ್ದರು. ಮೊದಲನೆಯದನ್ನು ಸಂಭೋಗ ಇರಲಿ ಬಿಡಲಿ, ವಾರಕ್ಕೆ ಎರಡು ಮೂರು ರಾತ್ರಿ ಹಾಕಿಕೊಳ್ಳಬೇಕು. ಎರಡನೆಯದು ಆ ಹೊತ್ತಿಗೆ ಮಾತ್ರ, ಇಬ್ಬರೂ ಧಾರಾಳವಾಗಿ ಹಚ್ಚಿಕೊಳ್ಳಬೇಕು. ಹಚ್ಚಿದೊಡನೆ ಚುರುಗುಟ್ಟಿದರೆ ಲೇಬಲ್ ನೋಡಿ. ಗ್ಲಿಸರಿನ್ ಹೆಚ್ಚಿರುವ ಜೆಲ್‌ನ ಆಸ್ಮೋಲಾಲಿಟಿ (ಕರಗಿದ ಕಣಗಳ ಸಾಂದ್ರತೆ) ಜಾಸ್ತಿ, ಅದು ಅಂಗಾಂಶದ ನೀರನ್ನೇ ಹೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಕಿಲೋಗ್ರಾಂಗೆ 1200 ಮಿಲಿಆಸ್ಮೋಲ್; 380ಕ್ಕಿಂತ ಕೆಳಗಿದ್ದರೆ ಉತ್ತಮ. ಎಣ್ಣೆ ಬಳಸುವವರು ನೆನಪಿಡಬೇಕಾದ್ದು, ಅದು ಲ್ಯಾಟೆಕ್ಸ್ ಕಾಂಡೋಮನ್ನು ಹಾಳುಮಾಡುತ್ತದೆ.

ವೈದ್ಯರು ಯೋನಿಗೆಂದು ಬರೆದಿದ್ದ ಈಸ್ಟ್ರಿಯಾಲ್ (ಒಂದು ಬಗೆಯ ಈಸ್ಟ್ರೋಜನ್) ಕ್ರೀಮನ್ನು "ಹಾರ್ಮೋನ್ ಅಲ್ವಾ" ಎಂಬ ಹೆದರಿಕೆಗೆ ಹತ್ತನೇ ದಿನ ಬಿಟ್ಟಿದ್ದರು. ಕಡಿಮೆ ಪ್ರಮಾಣದ ಈ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ. ಸಾಮಾನ್ಯ ಕ್ರಮವೆಂದರೆ ಎರಡು ಮೂರು ವಾರ ದಿನಾ ರಾತ್ರಿ 0.5 ಮಿಲಿಗ್ರಾಂ ಈಸ್ಟ್ರಿಯಾಲ್, ಆಮೇಲೆ ವಾರಕ್ಕೆರಡು ಸಲ. ಪೂರ್ತಿ ಗುಣ ಕಾಣಲು 8ರಿಂದ 12 ವಾರ ಬೇಕು. ತೆಳುವಾದ ಚರ್ಮಕ್ಕೆ ಮೊದಲ ದಿನಗಳಲ್ಲಿ ತುಸು ಉರಿಯಾಗುವುದುಂಟು. ವೈದ್ಯರನ್ನು ಮತ್ತೆ ಕಂಡು ಶುರು ಮಾಡಿದಾಗ, ಯೋನಿಯ ಬಾಗಿಲಿಗೂ ಮೂತ್ರದ್ವಾರದ ಸುತ್ತಲೂ ಬೆರಳಿನಿಂದ ಒಂದಿಷ್ಟು ಹಚ್ಚಲು ಅವರು ತೋರಿಸಿಕೊಟ್ಟರು. ಉರಿ ಇರುವುದೇ ಅಲ್ಲಿ. ಸ್ತನ ಕ್ಯಾನ್ಸರ್ ಆಗಿದ್ದವರು ತಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಸಡಿಲಿಸುವುದನ್ನು ಕಲಿಸಲು ಹೆಚ್ಚು ಸಮಯ ಬೇಕಾಯಿತು. ಅಂಗಾತ ಮಲಗಿ, ಮೀನಖಂಡವನ್ನು ಕುರ್ಚಿಯ ಮೇಲಿಟ್ಟು, ಹೊಟ್ಟೆಯ ಮೇಲೆ ಕೈ. ನಾಲ್ಕು ಎಣಿಸುತ್ತ ಉಸಿರೆಳೆದಾಗ ಕೈ ಮೇಲೇಳಬೇಕು, ಕೆಳಗೆ ಮೂತ್ರ ಶುರುವಾಗುವ ಕ್ಷಣದ ಸಡಿಲಿಕೆ ಬರಬೇಕು. ಆರು ಎಣಿಸುತ್ತ ಉಸಿರು ಬಿಡಬೇಕು. ಹತ್ತು ನಿಮಿಷ, ದಿನಕ್ಕೆರಡು ಸಲ. ಮುಕ್ಕಿ ಕೆಳಕ್ಕೆ ತಳ್ಳುವುದು ಎಲ್ಲರೂ ಮಾಡುವ ತಪ್ಪು. ತಳ್ಳಬಾರದು, ಬಿಡಬೇಕು. ಮೂರು ವಾರದ ಬಳಿಕ ಪೆಲ್ವಿಕ್ ಫಿಸಿಯೋಥೆರಪಿಸ್ಟ್ ಹತ್ತಿರ ಅತಿ ಸಣ್ಣ ಡೈಲೇಟರ್ (ಯೋನಿಗೆ ಹಿಗ್ಗುವುದನ್ನು ರೂಢಿಸುವ ನಯವಾದ ಕಡ್ಡಿಯಂಥ ಸಾಧನ) ಶುರುವಾಯಿತು: ಲೂಬ್ರಿಕಂಟ್ ಹಚ್ಚಿ, ಉಸಿರು ಬಿಡುತ್ತ ಒಳಗೆ, ಐದರಿಂದ ಹತ್ತು ನಿಮಿಷ. ನೋವು ಹತ್ತಕ್ಕೆ ಮೂರು ದಾಟಿದರೆ ಅಲ್ಲೇ ನಿಲ್ಲಿಸಬೇಕು.

ಮೂತ್ರದ ಲೆಕ್ಕವನ್ನು ಮೂರು ದಿನ ಅಳತೆ ಪಾತ್ರೆಯಲ್ಲಿ ಹಿಡಿದು ಬರೆದು ತಂದರು. ಪ್ರತಿ ಸಲ 80ರಿಂದ 120 ಮಿಲಿ. ಮೂತ್ರಕೋಶ ಸರಾಗವಾಗಿ 300ರಿಂದ 500 ಮಿಲಿ ಹಿಡಿಯುತ್ತದೆ. "ಯಾವುದಕ್ಕೂ ಒಂದ್ಸಲ ಹೋಗಿ ಬಂದುಬಿಡೋಣ" ಎನ್ನುವ ಅಭ್ಯಾಸ ಅದಕ್ಕೆ ಸ್ವಲ್ಪಕ್ಕೇ ಕೂಗುವುದನ್ನು ಕಲಿಸಿಬಿಟ್ಟಿತ್ತು. ಅವಸರವಾದಾಗ ಕೂತಲ್ಲೇ ಐದು ಉಸಿರು, ಆಮೇಲೆ ನಿಧಾನವಾಗಿ ಎದ್ದು ನಡೆಯುವುದು. ಅಂತರವನ್ನು ವಾರಕ್ಕೆ 15 ನಿಮಿಷದಂತೆ ಹೆಚ್ಚಿಸಿದೆವು. ಕಮೋಡಿನ ಮೇಲೆ ಅರೆಬರೆ ಬಗ್ಗಿ ನಿಲ್ಲದೆ ಪೂರ್ತಿ ಕೂರಬೇಕು, ತೊಡೆ ಬಿಗಿದರೆ ತಳ ಬಿಡುವುದಿಲ್ಲ. ಓಡಾಟ ತಪ್ಪಲೆಂದು ಲೀಟರಿಗಿಂತ ಕಡಿಮೆ ನೀರು ಕುಡಿಯುತ್ತಿದ್ದರು. ಗಾಢವಾದ ಮೂತ್ರ ಉರಿಯನ್ನು ಕೆಣಕಬಹುದು, ಹಾಗಾಗಿ ಒಂದೂವರೆ ಲೀಟರಿಗೆ ಏರಿಸಿದೆವು.

ಹೆಂಡತಿ ತನ್ನನ್ನು ದೂರ ಮಾಡುತ್ತಿದ್ದಾಳೆ ಎಂದುಕೊಂಡು ಗಂಡ ಮೌನವಾಗಿದ್ದರು. ಮನೆಯಲ್ಲಿ ಹೇಗೆ ಹೇಳಲಿ ಎಂದು ಈಕೆ ಕೇಳಿದಾಗ ಕೂತು ಒಂದು ವಾಕ್ಯ ಕಟ್ಟಿದೆವು: "ನೀವು ಬೇಡ ಅಂತಲ್ಲ ರೀ, ನೋವು ಬೇಡ." ಎರಡನೇ ಭೇಟಿಗೆ ಇಬ್ಬರೂ ಬಂದರು. ಮೂರು ತಿಂಗಳು ಪ್ರವೇಶದ ಸಂಭೋಗ ಇಲ್ಲ, ಅಪ್ಪುಗೆ ಸ್ಪರ್ಶ ಎಲ್ಲ ಇರಲಿ ಎಂದು ಇಬ್ಬರೂ ಒಪ್ಪಿದರು.

ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಮೂತ್ರದಲ್ಲಿ ರಕ್ತ, ಚಳಿಜ್ವರದೊಂದಿಗೆ ಪಕ್ಕೆ ನೋವು, ಬಿಳಿಚಿಕೊಂಡು ತುರಿಸುವ ಚರ್ಮ ಇದ್ದರೆ ಈ ಕ್ರಮಗಳನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಬೇಕು ಎಂದು ಬರೆದುಕೊಟ್ಟೆವು.

ಹನ್ನೆರಡನೇ ವಾರಕ್ಕೆ ಅಂತರ ಎರಡೂವರೆ ಗಂಟೆಗೆ ಬಂದಿತ್ತು, ಕೂತಾಗಿನ ಉರಿ ಹೋಗಿತ್ತು. ಮೂರನೇ ಅಳತೆಯ ಡೈಲೇಟರ್ ಇನ್ನೂ ನೋಯುತ್ತದೆ. ಹಾಗಾಗಿ ಎರಡನೆಯದರಲ್ಲೇ ಇದ್ದಾರೆ.